ಸ್ವೆನ್ಯಾಗೆ ನಾನೇ ಆರಿಸಿಕೊಟ್ಟ ಜಿಪಿಎಸ್

ಹೆನ್ನಿಂಗ್,

ಇದನ್ನು ಕಳಿಸೋದಿಲ್ಲ, ಆದರೂ ಹೇಳ್ತೀನಿ. ಹೋದ ವಾರ ನಿನ್ನ ಹೊಸ ಹುಡುಗಿ ಸ್ವೆನ್ಯಾ ನನ್ನ ಅಂಗಡಿಗೇ ಬಂದಿದ್ದಳು. ಕಾಡಲ್ಲಿ ಯಾರೋ ಬಚ್ಚಿಟ್ಟ ಡಬ್ಬಿ ಹುಡುಕೋ ಆಟಕ್ಕೆ ಜಿಪಿಎಸ್ ಬೇಕಂತೆ.

"ಯಾವುದು ತಗೊಳ್ಳಲಿ, ನೀವೇ ಹೇಳಿ. ಈ ಆಟದಲ್ಲಿ ನಿಮ್ಮನ್ನ ಮೀರಿಸೋರಿಲ್ಲ ಅಂತಾನೆ ಹೆನ್ನಿಂಗ್."

ಹೊಟ್ಟೆ ಉರಿದುಹೋಯ್ತು. ಹಾರ್ಟ್ಸ್ ಬೆಟ್ಟದ ಚಳಿಗೆ ಗುಂಡಿ ಒತ್ತುವಂಥದ್ದೇ ಸರಿ, ಕೈಗವಸು ತೆಗೆಯಬೇಕಿಲ್ಲ. ಆಗ ನಿನಗೂ ನನಗೂ ಅದನ್ನೇ ಆರಿಸಿದ್ದೆ. ಅವಳಿಗೆ ಮಾತ್ರ ಬರಿಬೆರಳಿಗಷ್ಟೇ ಓಗೊಡುವ ಟಚ್‌ಸ್ಕ್ರೀನಿನದು ಕೊಟ್ಟು, "ಇದೇ ತಗೊಳ್ಳಮ್ಮ, ಚಂದ ಇದೆ" ಅಂದೆ. ಬೆರಳು ಮರಗಟ್ಟಿ ಆಟವನ್ನೇ ಬಿಡಲಿ ಅಂತ.

ಇವತ್ತು ಹಿಮದಲ್ಲಿ ಡಬ್ಬಿ ಹುಡುಕುತ್ತ ಹೋದವಳು ಮರದ ಮರೆಯಿಂದ ನಿಮ್ಮಿಬ್ಬರನ್ನೂ ಕಂಡೆ.

"ಅಯ್ಯೋ, ಬೆರಳು ಇದೆಯೋ ಇಲ್ವೋ ಗೊತ್ತಾಗ್ತಿಲ್ಲ ಕಣೋ!" ಅಂದಳು. ನೀನು ಗವಸು ಕಿತ್ತೆಸೆದು, ಅವಳ ಬೆರಳುಗಳನ್ನು ನಿನ್ನ ಅಂಗೈಯೊಳಗಿಟ್ಟು ಬಿಸಿಯುಸಿರು ಊದುತ್ತ ನಿಂತೆ. ಡಬ್ಬಿ ನಿನ್ನ ಕಾಲ ಬಳಿಯೇ ಇತ್ತು, ನೀನು ಅತ್ತ ನೋಡಲೂ ಇಲ್ಲ.

ನಾವು ಜೊತೆಗಿದ್ದ ಅಷ್ಟೂ ಚಳಿಗಾಲ ನನ್ನ ಕೈ ಬೆಚ್ಚಗೇ ಇತ್ತಲ್ಲೋ, ಹೆನ್ನಿಂಗ್.