ಸಾವಿರ ಕೊರಳಿನವನು

ಕೋಲಾರದ ಕೆಳನೆಲ
ಮೇಲ್ನೆಲ ಬಿಟ್ಟ ಇನ್ನೂರ ಹನ್ನೊಂದನೆಯ ವರ್ಷ, ಹದಿಮೂರನೆಯ ತಿಂಗಳು

ಹೆಸರು ತಿಳಿಯದ ಹಿರಿಯರಿಗೆ ಜೆಸಿಂತಳ ನಮಸ್ಕಾರಗಳು.

ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು. ನಿಮ್ಮ ಎಷ್ಟೋ ಮಾತುಗಳು ನಮ್ಮಲ್ಲಿ ಉಳಿದಿಲ್ಲ, ನಮ್ಮ ಎಷ್ಟೋ ಮಾತುಗಳು ನಿಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಬಿಸಿಲು ತಾಳಲಾರದೆ ನಮ್ಮ ಪೂರ್ವಿಕರು ಹಳೆಯ ಚಿನ್ನದ ಗಣಿಯ ಸುರಂಗಗಳಿಗೆ ಇಳಿದರು. ಅಂದಿನಿಂದ ನಾವು ಇಲ್ಲೇ ಇದ್ದೇವೆ. ಅಣಬೆ ಬೆಳೆಯುತ್ತೇವೆ, ಗೋಡೆಯಿಂದ ಒಸರುವ ನೀರನ್ನು ಬಟ್ಟೆಗೆ ಹೀರಿಸಿ, ಹಿಂಡಿ ಕುಡಿಯುತ್ತೇವೆ, ಮೆಲ್ಲಗೆ ಮಾತಾಡುತ್ತೇವೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ತೆರೆಯುವಂತಿಲ್ಲ. ಇಬ್ಬರು ಒಟ್ಟಿಗೆ ಹಾಡುವುದಂತೂ ಕನಸಿನ ಮಾತು, ಏಕೆಂದರೆ ದನಿ ಹೆಚ್ಚಾದರೆ ತಲೆಯ ಮೇಲಿನ ಬಂಡೆ ಕಳಚುತ್ತದೆ. ಹಾಗೆ ಕಳಚಿ ಒಂದು ಸುರಂಗವೇ ಮುಚ್ಚಿಹೋದದ್ದನ್ನು ನನ್ನ ಅಜ್ಜಿ ಕಣ್ಣಾರೆ ಕಂಡಿದ್ದರು.

ನಿಮ್ಮ ಕಾಲದ್ದೆಂದು ನಮಗೆ ಉಳಿದಿರುವುದು ದನಿಗೂಡು ಒಂದೇ. ಹಾಡುಗಳನ್ನು ಹಿಡಿದಿಟ್ಟುಕೊಂಡಿರುವ ಹಳೆಯ ಪೆಟ್ಟಿಗೆ ಅದು. ಕಿವಿಯಿಟ್ಟರೆ ನಿಮ್ಮ ರಾಕ್ ಹಾಡುಗಾರರು ಕೇಳಿಸುತ್ತಾರೆ. ಅವರ ಹೆಸರುಗಳು ಯಾರಿಗೂ ಗೊತ್ತಿಲ್ಲವಾದ್ದರಿಂದ ಗೊಗ್ಗರು ದನಿಯವನು, ಅಳುತ್ತಲೇ ಗದರುವವಳು ಎಂದೆಲ್ಲ ನಾವೇ ಹೆಸರಿಟ್ಟಿದ್ದೇವೆ. ಒಂದೊಂದು ಮನೆತನ ಒಬ್ಬೊಬ್ಬರನ್ನು ತಮ್ಮವರೆಂದು ಹಚ್ಚಿಕೊಂಡಿದೆ. ದನಿಗೂಡಿಗೆ ಈಗ ಮುಪ್ಪು. ವರ್ಷ ವರ್ಷವೂ ಅದರೊಳಗಿನ ಜಾಗ ಕುಗ್ಗುತ್ತದೆ, ಒಬ್ಬರನ್ನು ಅಳಿಸದಿದ್ದರೆ ಎಲ್ಲರೂ ಕೆಡುತ್ತಾರೆ. ಅದಕ್ಕೇ ನಮ್ಮಲ್ಲಿ ಕೊರಳವಾದ ನಡೆಯುತ್ತದೆ. ಸರ್ವಕಾಲಕ್ಕೂ ಶ್ರೇಷ್ಠ ಹಾಡುಗಾರ ಯಾರೆಂದು ಊರೆಲ್ಲ ಕೂತು ವಾದಿಸಿ, ಸೋತವರನ್ನು ಅಳಿಸುತ್ತೇವೆ. ನೀವೂ ಇದೇ ವಾದವನ್ನು ಟೀ ಕುಡಿಯುತ್ತ ಮಾಡುತ್ತಿದ್ದಿರಂತೆ, ವಾದ ಮುಗಿದ ಮೇಲೂ ಹಾಡುಗಾರರೆಲ್ಲ ಉಳಿದೇ ಇರುತ್ತಿದ್ದರಂತೆ. ನೆನೆದರೆ ಹೊಟ್ಟೆಯುರಿಯುತ್ತದೆ.

ನಮ್ಮ ಮನೆತನ ಹಚ್ಚಿಕೊಂಡದ್ದು ಸಾವಿರ ಕೊರಳಿನವನನ್ನು. ಮಿಕ್ಕವರು ಒಂದೇ ದನಿಯಲ್ಲಿ ಹಾಡಿದರೆ, ಆತ ಗಂಡೂ ಹೆಣ್ಣೂ ಮುದುಕನೂ ಹುಡುಗಿಯೂ ಎಲ್ಲವೂ ಆಗಿ ಒಟ್ಟಿಗೇ ಹಾಡುತ್ತಾನೆ. ಹಾಡಿನ ಭಾಷೆ ತಿಳಿಯದು. ನಡುವೆ ಒಂದೇ ಒಂದು ಸಾಲು ಕನ್ನಡದ್ದಿದೆ: "ತಳ್ಬೇಡ್ರೀ ಸ್ವಾಮಿ!" ಅದನ್ನು ಆತನ ಉಪದೇಶವೆಂದು ತಿಳಿದು, ಇಕ್ಕಟ್ಟಾದ ಸುರಂಗಗಳ ಬಾಯಲ್ಲೆಲ್ಲ ಕೆತ್ತಿಸಿದ್ದೇವೆ. ನನ್ನ ತಾಯಿ ಅರುಳಮ್ಮ ಆ ಹಾಡನ್ನು ಗುನುಗುತ್ತಲೇ ತೀರಿಕೊಂಡರು. ಅವರದೆಂದು ನನ್ನ ಬಳಿ ಬೇರೇನೂ ಇಲ್ಲ. ಆದ್ದರಿಂದ ಈ ಸಲದ ವಾದದಲ್ಲಿ ಏನಾದರೂ ಸರಿ, ಸೋಲಬಾರದೆಂದು ಹಟ ತೊಟ್ಟಿದ್ದೆ.

ಗೆಲ್ಲುತ್ತಲೂ ಇದ್ದೆ. ಗೊಗ್ಗರು ದನಿಯವನ ಪರ ನಿಂತಿದ್ದವರು ಮುನಿರತ್ನಮ್ಮನವರು, ವಾದಕ್ಕೆ ನಿಂತರೆ ಜಗ್ಗದ ಹೆಂಗಸು. ದನಿಗೂಡಿಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿ, ತಲೆಯೆತ್ತಿದರು.

"ಹಾಡೋನು ಹಾಡ್ತಾನೇ ಅವ್ನೆ, ಅದ್ರ ನಡುವೇನೇ ಕೆಮ್ತಾನೂ ಅವ್ನಲ್ಲಮ್ಮಾ ಜೆಸಿಂತಾ. ಒಂದೇ ಬಾಯಾಗೆ ಎರಡೂ ಹೆಂಗಮ್ಮಾ ಆಗ್ತದೆ?"

"ಅದೇ ಅಲ್ವಾ ಅತ್ತೆ ಅವನ ಹೆಚ್ಚುಗಾರಿಕೆ?" ಎಂದೆ. ಎಂದೆನೇ ಹೊರತು ನಾನೂ ಬಗ್ಗಿ ದನಿಗೂಡಿಗೆ ಕಿವಿಯಿಟ್ಟೆ.

"ನಗ್ತಾನೂ ಅವ್ರೆ ಯಾರೋ. ಇದು ಒಬ್ಬನಲ್ಲಮ್ಮಾ. ಜನ. ಬರೀ ಜನ." ಅಷ್ಟು ಹೇಳಿ ಅವರೇ ಗೋಡೆ ಹಿಡಿದು ಕೂತುಬಿಟ್ಟರು.

ಒಟ್ಟಿಗೆ ಹಾಡುವುದನ್ನು ಎಂದೂ ಕೇಳದ ನಮಗೆ ಅದು ಹೊಳೆಯುವುದಾದರೂ ಹೇಗೆ? ಹಾಡುಗಾರ ಹಾಡು ನಿಲ್ಲಿಸಿದ್ದ, ಎದುರಿಗೆ ನಿಂತಿದ್ದ ನೀವು ಮುಂದುವರಿಸಿದ್ದಿರಿ. ಬಯಲಿನಲ್ಲಿ, ತಲೆಯ ಮೇಲೆ ಏನೂ ಇಲ್ಲದೆ, ಗಂಟಲು ಹರಿಯುವಂತೆ! ಅಷ್ಟೊಂದು ಜನ ಇದ್ದರೆನ್ನುವುದೇ ನನಗೆ ದಿಗಿಲು, ಅವರಲ್ಲಿ ಒಬ್ಬರೂ ಈಗಿಲ್ಲವೆನ್ನುವುದು ಇನ್ನೂ ದಿಗಿಲು. ಅಂದಿನಿಂದ ಸುರಂಗದಲ್ಲಿ ಒಬ್ಬಳೇ ನಡೆಯಲು ಹೆದರುತ್ತೇನೆ. ನೀವೆಲ್ಲ ಮೈಗೆ ಮೈ ತಾಗಿಸಿಕೊಂಡು ಹಿಂದೆ ಬರುತ್ತಿದ್ದೀರಿ ಅನಿಸುತ್ತದೆ. ನಿಂತರೆ ನೀವೂ ನಿಲ್ಲುತ್ತೀರಿ. ತಿರುಗಿ ನೋಡಿದರೆ ಕತ್ತಲು.

ನಮ್ಮೂರಿನ ಹಿರಿಯರ ತೀರ್ಪು ಬಂದಿದೆ. ವಾದ ಇರುವುದು ಹಾಡುಗಾರರ ನಡುವೆ. ನೀವು ಹಾಡುಗಾರರಲ್ಲ, ಹಾಡು ಕೇಳಲು ಬಂದವರು. ಆದ್ದರಿಂದ ನಾಳೆ ನಿಮ್ಮನ್ನು ಅಳಿಸಬೇಕು. ಪರವಾಗಿ ವಾದಿಸಿದವರೇ ಅಳಿಸುವುದು ನಮ್ಮಲ್ಲಿನ ಪದ್ಧತಿ. ಮುನಿರತ್ನಮ್ಮನವರು ನಮ್ಮ ಮನೆಗೆ ಬಂದು ನನ್ನ ಕೈ ಹಿಡಿದುಕೊಂಡು ಅತ್ತರು. "ಗೆಲ್ಬೇಕಂತಿದ್ದೆ ಕಣಮ್ಮಾ. ಇಷ್ಟೊಂದು ಜನಾನ ಸಾಯ್ಸಬೇಕಂತಿರ್ಲಿಲ್ಲ" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಸಿಟ್ಟು ಬರಲಿಲ್ಲವಲ್ಲ ಎಂದೇ ಸಂಕಟ.

ಇವತ್ತು ಮತ್ತೊಮ್ಮೆ ಕಿವಿಯಿಟ್ಟು, ನಿಮ್ಮನ್ನು ಒಬ್ಬೊಬ್ಬರನ್ನಾಗಿ ಬಿಡಿಸಿ ಕೇಳಲು ನೋಡಿದೆ. ಗುಂಪಿನಲ್ಲಿ ಒಬ್ಬ ಹೆಂಗಸು ಪ್ರತಿ ಸಾಲನ್ನೂ ಎಲ್ಲರಿಗಿಂತ ಚೂರು ತಡವಾಗಿ ಮುಗಿಸುತ್ತಾರೆ. ಅಮ್ಮನೂ ಹಾಗೆಯೇ ಗುನುಗುತ್ತಿದ್ದರು, ತಾಳ ಬರುವುದಿಲ್ಲವೆಂದು ನಾವು ರೇಗಿಸುತ್ತಿದ್ದೆವು. ಅಷ್ಟು ಕೊರಳುಗಳ ನಡುವೆ ಅಮ್ಮ ಆ ಒಬ್ಬರ ಕೊರಳನ್ನು ಹಿಡಿದುಕೊಂಡಿದ್ದರು, ಜೀವಮಾನವಿಡೀ, ಯಾರಿಗೂ ಹೇಳದೆ.

ಈ ಕಾಗದ ಹೇಗಾದರೂ ನಿಮ್ಮ ಕಾಲಕ್ಕೆ ತಲುಪಿ, ಆ ಹೆಂಗಸು ನೀವೇ ಆಗಿದ್ದರೆ, ಆ ಹಾಡಿನ ದಿನ ನಿಮಗಿನ್ನೂ ಮುಂದಿದ್ದರೆ, ಒಂದು ಉಪಕಾರ ಮಾಡಬೇಕು. ಕೊನೆಯ ಸಾಲು ಮುಗಿದ ಮೇಲೆ, ಚಪ್ಪಾಳೆಗೆ ಮುಂಚೆ, ಒಂದು ಉಸಿರಿನಷ್ಟು ಹೊತ್ತು ಎಲ್ಲರೂ ಸುಮ್ಮನಾಗುತ್ತೀರಿ. ಆಗ ನಾಚಿಕೆ ಬಿಟ್ಟು ನಿಮ್ಮ ಹೆಸರನ್ನು ಗಟ್ಟಿಯಾಗಿ ಕೂಗಿ. ನಾಳೆ ಅಳಿಸುವ ಮುಂಚೆ ಕೊನೆಯ ಸಲ ಕೇಳುತ್ತೇನೆ.