ಶ್ರುತಿ ಎರಡು ಮೆಟ್ಟಿಲು ಮೇಲೆ

ಹುನಗುಂದ
14 ನವೆಂಬರ್ 2024

ಬಾದಾಮಿಯ ತಂಗಿಯ ಮನೆಯಲ್ಲಿ ಹನ್ನೊಂದು ವರ್ಷದಿಂದ ಮೌನ ಹಿಡಿದು ಕುಳಿತಿರುವ ನನ್ನ ರಂಗದ ರಾಣಿ ಸಕ್ರವ್ವಳಿಗೆ, ನಿನ್ನ ಗಂಡ, ನಾಟಕ ಕಂಪನಿಯ ಹಾರ್ಮೋನಿಯಂ ಪೇಟಿ ಮಾಸ್ತರ ಮಲಕಪ್ಪ ಪರದೆಯ ಹಿಂದೆ ನಿಂತು ಕೈಮುಗಿದು ಬರೆಯುವುದು.

ಹರಿದು ಹಾಕಬೇಡ. ಮೊದಲ ಅಂಕವನ್ನಾದರೂ ಓದು.

ದೀಪಾವಳಿಗೆ ಮಗಳು ಸಪ್ನಾಳ ಮನೆಗೆ ಬಂದವನು ಇನ್ನೂ ಇಳಕಲ್ಲಿಗೆ ಮರಳಿಲ್ಲ. ಕಾರಣ, ಅಳಿಯ ಮಹಾಂತೇಶ ಹೋದ ವರ್ಷ ತಂದಿಟ್ಟ ಆ ಹಾಡಿನ ಆಟ. ಟೀವಿಗೆ ಜೋಡಿಸಿ ಮೈಕು ಹಿಡಿದು ಹಾಡಬೇಕು. ಹಾಡಿನ ದಾರಿ ನೀಲಿ ಗೆರೆಯಾಗಿ ಓಡುತ್ತದೆ, ನಮ್ಮ ದನಿ ಹಳದಿ ಗೆರೆಯಾಗಿ ಅದರ ಬೆನ್ನು ಹತ್ತುತ್ತದೆ. ಕೂಡಿದರೆ ಮಾರ್ಕು, ತಪ್ಪಿದರೆ ಕೆಂಪು!

ಇದರ ದೊಡ್ಡಸ್ತಿಕೆಯನ್ನು ಒಪ್ಪಲೇಬೇಕು. ಮೋರೆ ನೋಡಿ ಮಾರ್ಕು ಹಾಕುವುದು ಇದಕ್ಕೆ ಗೊತ್ತಿಲ್ಲ. ಸೀಟಿ ಹೊಡೆಯುವುದಿಲ್ಲ. ಪಕ್ಕದ ಮನೆಯ ಬಾನುಬಿ ಹಲ್ಲಿಲ್ಲದ ಬಾಯಲ್ಲಿ ಬರೀ ಗುನುಗಿದಳು, ಎಂಬತ್ತೆಂಟು! ನಾನು ಶಬ್ದ ಶಬ್ದಕ್ಕೂ ಭಾವ ತುಂಬಿ ಗರ್ಜಿಸಿದೆ, ನಲವತ್ತೆರಡು! "ಮಾಸ್ತರ್ರ, ನಾಳಿಂದ ನಮ್ಮ ಮನಿಗಿ ಬರ್ರಿ, ನಾ ಕಲಸ್ತೇನಿ" ಎಂದು ಬಾನುಬಿ ಅಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಶಬ್ದ ಬೇಡ, ಭಾವ ಬೇಡ, ಇದೆಂಥ ಆಟ? ಹಾಡುವವಳಿಗೆ ಉಸಿರು ಸಾಲದಿದ್ದರೆ ಪೇಟಿಯವನು ಸ್ವರ ಹಿಡಿದು ಅರೆಗಳಿಗೆ ಕಾಯುತ್ತಾನಲ್ಲ, ಆ ಮರ್ಯಾದೆಯೂ ಇದಕ್ಕಿಲ್ಲ.

ನಿನ್ನೆ ಸಂಜೆ ಸಪ್ನಾ ಹಾಡಿದಳು. ಹಳದಿ ಗೆರೆ ನೀಲಿಗೆ ಅಂಟಿಕೊಂಡೇ ಹೋಗುತ್ತಿತ್ತು. ಕಣ್ಣು ಮುಚ್ಚಿದರೆ ನೀನೇ. ಅಷ್ಟರಲ್ಲಿ ಮಹಾಂತೇಶ ಚೇಷ್ಟೆಗೆಂದು ಶ್ರುತಿಯ ಗುಂಡಿ ಒತ್ತಿ ಎರಡು ಮೆಟ್ಟಿಲು ಏರಿಸಿದ. ಅವಳ ದನಿ ಒಡೆಯಿತು. ಟೀವಿ ತುಂಬ ಕೆಂಪು. ಹಾಡಿದವಳ ಹೆಸರಿನ ಮುಂದೆಯೇ ಆಟ ತಪ್ಪು ಬರೆಯಿತು. ಗುಂಡಿ ಒತ್ತಿದವನ ಹೆಸರು ಎಲ್ಲಿಯೂ ಇಲ್ಲ. ಆಟದ ಎಲ್ಲ ಕೊರತೆಗಳಿಗಿಂತ ದೊಡ್ಡದು ಇದು.

"ಹೋಗ್ಲಿ ಬಿಡ್ರಿ, ನಾ ಅವ್ವನ ಮಗಳ. ಮ್ಯಾಲ ಹೋದ್ರ ಒಡಿತೈತಿ" ಎಂದು ಸಪ್ನಾ ಮೈಕು ಕೆಳಗಿಟ್ಟಳು. ಮಹಾಂತೇಶನ ನಗೆ ಆರಿತು. "ಏ ಹುಚ್ಚಿ, ತಪ್ಪು ನಿಂದಲ್ಲ. ಗುಂಡಿ ಒತ್ತಿದಾಂವ ನಾನು" ಎಂದ. ಅಷ್ಟೇ. ಒಂದು ಉಸಿರಿನ ಮಾತು.

ಆ ಮಾತು ಹನ್ನೊಂದು ವರ್ಷದಿಂದ ನನ್ನ ಬಾಯಿಗೆ ಬಂದಿಲ್ಲ.

ಕಮತಗಿಯಲ್ಲಿ ನಮ್ಮ ನಾಟಕ ಕಂಪನಿಯ ಕ್ಯಾಂಪು. ನಿನ್ನ ಹಾಡಿಗೆ ಮೂರನೆಯ ಸಲ ವನ್ಸ್‌ಮೋರ್ ಎದ್ದಿತು. ಜನ ನಿನ್ನ ಹೆಸರು ಕೂಗಿದರು. ಪೇಟಿಯವನ ಹೆಸರು ಯಾರು ಕೂಗುತ್ತಾರೆ? ನನ್ನ ಹೊಟ್ಟೆಗೆ ಕಿಚ್ಚು ಬಿತ್ತು. ಪೇಟಿಯ ನಾಲ್ಕನೆಯ ಕರಿಮನೆ, ಕಾಳಿ ನಾಲ್ಕರಲ್ಲಿದ್ದ ಶ್ರುತಿಯನ್ನು ಕಾಳಿ ಐದಕ್ಕೆ ಏರಿಸಿ ಎತ್ತಿಕೊಟ್ಟೆ. ಎರಡೇ ಮೆಟ್ಟಿಲು. ನೀನು ಏರಿದೆ, ಏರಿದೆ, ತುತ್ತತುದಿಯಲ್ಲಿ ನಿನ್ನ ದನಿ ಚರಕ್ಕನೆ ಹರಿಯಿತು. ಸೀಟಿ, ಕೂಗು. ಮಾಲಕರು ಓಡಿ ಬಂದು ಕೇಳಿದಾಗ "ಆಕಿ ದನಿ ಹೋಗೇತ್ರಿ" ಎಂದವನು ನಾನೇ. ನೀನು ನನ್ನ ಕೈಯತ್ತ ಒಮ್ಮೆ ನೋಡಿ, ಮುಖದ ಬಣ್ಣ ಒರೆಸಿಕೊಂಡೆ. ಆ ಗದ್ದಲದಲ್ಲಿ ನಿನಗೆ ತಿಳಿದಿರಲಿಕ್ಕಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಅಂದಿನಿಂದ ನೀನು ರಂಗವೇರಲಿಲ್ಲ. ನನ್ನ ಮನೆಗೂ ಬರಲಿಲ್ಲ.

ಸಕ್ರೂ, ನಿನ್ನ ದನಿ ಹೋಗಿರಲಿಲ್ಲ. ಶ್ರುತಿ ಏರಿಸಿದವನು ನಾನು. ನಿನ್ನೆ ಸಪ್ನಾಳಿಗೂ ಹೇಳಿದೆ. ರೊಟ್ಟಿ ಬಡಿಸಿ ಒಳಗೆ ಹೋದಳು.

ರಂಗದ ಮೇಲೆ ಕ್ಷಮೆ ಕೇಳುವವರಿಗೆ ಸಾವಿರ ಸಲ ಪೇಟಿ ನುಡಿಸಿದ್ದೇನೆ. ನನ್ನ ಸರದಿ ಬಂದಾಗ ಒಂದು ಸಾಲೂ ನೆನಪಾಗುತ್ತಿಲ್ಲ.

ನಿನ್ನ ತಪ್ಪಿತಸ್ಥ,
ಮಲಕಪ್ಪ

ತಾ.ಕ.: ಲಕೋಟೆ ಅಂಟಿಸುವ ಮುನ್ನ ನನ್ನ ನಲವತ್ತೆರಡನ್ನು ಅಳಿಸೋಣವೆಂದು ಆಟ ತೆರೆದೆ. ಹಾಡಿದವರ ಪಟ್ಟಿಯನ್ನು ದಿನ, ಹೊತ್ತು, ಶ್ರುತಿ, ಮಾರ್ಕಿನ ಸಮೇತ ಅದು ಇಟ್ಟುಕೊಂಡಿರುತ್ತದೆ. ಅದರಲ್ಲಿ ನಿನ್ನ ಹೆಸರು! ಬೇಸಿಗೆಯಲ್ಲಿ ನೀನು ಇಲ್ಲಿದ್ದಾಗ, ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋದ ಹೊತ್ತಿನಲ್ಲಿ, ಒಂದೇ ಹಾಡು, ಹದಿನಾರು ಸಲ. ಹದಿನಾರು ಸಲವೂ ಶ್ರುತಿ ಎರಡು ಮೆಟ್ಟಿಲು ಮೇಲೆ. ಹಾಗಾದರೆ ಅಂದು ನಾನು ಶ್ರುತಿ ಏರಿಸಿದ್ದು ನಿನಗೆ ಗೊತ್ತಿತ್ತು. ಮೊದಲ ಸಲ ಮೂವತ್ತೊಂದು, ಕೊನೆಯ ಸಲ ತೊಂಬತ್ತಾರು. ಆ ತುತ್ತತುದಿಯನ್ನು ಮುಟ್ಟಿದ್ದೀ, ಸಕ್ರೂ. ಕೇಳುವವರಿಲ್ಲದ ಮನೆಯಲ್ಲಿ ಮುಟ್ಟಿದ್ದೀ. ಪೇಟಿಯ ಮುಂದೆ ನಾನಿರಲಿಲ್ಲ, ಅದಕ್ಕೇ ಮುಟ್ಟಿದೆ.