ನೀನು ನುಂಗದ ನೀರು

ಮೊಮ್ಮಗಳೇ ಜಾಲೀನ್,

ಭಾನುವಾರ ಸಾಲ್ಮನ್ ಮೀನಿನ ಹಬ್ಬದ ಊಟಕ್ಕೆ ಮೊದಲು ಹಿರಿಯ ಎಲ್‌ವುಡ್ ಗಂಟೆ ಬಾರಿಸಿ ನಮ್ಮ ನುಡಿಯಲ್ಲಿ “ಚೂಷ್”, ನೀರು, ಎಂದಾಗ ನಮ್ಮ ಬುಡಕಟ್ಟಿನ ಉದ್ದಮನೆಯಲ್ಲಿದ್ದವರೆಲ್ಲ ಲೋಟ ಎತ್ತಿ ನೀರು ಕುಡಿದರು. ನೀನೂ ಎತ್ತಿದೆ, ತುಟಿಗೆ ತಾಗಿಸಿದೆ, ಇಳಿಸಿದೆ. ಗಂಟಲು ಅಲುಗಲಿಲ್ಲ. ಅಜ್ಜಿಯ ಕಣ್ಣಿಗೆ ಪೊರೆ ಬಂದಿದೆ ಎಂದುಕೊಂಡೆಯೇನೋ. ಮೊಮ್ಮಗಳ ಗಂಟಲು ಕಾಣದಷ್ಟು ಬಂದಿಲ್ಲ.

ಎರಡು ದಿನ ಮೊದಲು ನೀನು ಅಲ್ಲೇ ನಿಂತು ಹಿರಿಯರಿಗೆ ಕಬ್ಬಿಣದ ಪುಡಿಯ ಸೀಸೆ ತೋರಿಸಿದ್ದೆ. ಅಣುಬಾಂಬು ಮಾಡಿದವರು ಕೊಲಂಬಿಯಾ ನದಿಯಂಚಿನ ಮಣ್ಣಲ್ಲಿ ಬಿಟ್ಟುಹೋದ ವಿಷ ನೀರಿನಲ್ಲಿ ಕರಗಿ ಹರಿಯುತ್ತದೆ, ಕಬ್ಬಿಣದ ಪುಡಿ ಬೆರೆಸಿದರೆ ಅದು ತುಕ್ಕುಗಲ್ಲಾಗುತ್ತಾ ವಿಷವನ್ನು ತನ್ನ ಹರಳಿನೊಳಗೆ ಸೇರಿಸಿಕೊಂಡು ಮುಚ್ಚಿಬಿಡುತ್ತದೆ ಎಂದೆ. ಮೂರನೇ ತರಗತಿಗೆ ಶಾಲೆ ಬಿಟ್ಟ ನನಗೂ ಅರ್ಥವಾಯಿತು. ಅಷ್ಟು ಚೆನ್ನಾಗಿ ಹೇಳಿದೆ ನೀನು.

“ನನ್ನ ಗಾಡಿ ಬಾಗಿಲನ್ನೇ ಹಿಡ್ಕೊಳ್ಳಲಾರದ ತುಕ್ಕು, ವಿಷ ಹಿಡ್ಕೊಳ್ಳುತ್ತೇನಮ್ಮಾ?” ಎಂದ ಎಲ್‌ವುಡ್. ಎಲ್ಲರೂ ನಕ್ಕರು.

“ಗಾಳಿ ಸೋಕದಿದ್ರೆ ಹಿಡ್ಕೊಂಡೇ ಇರುತ್ತೆ, ಮಾವ.”

“ಸೋಕಿದ್ರೆ?”

ನೀನು ಮುಂದಿನ ಹಾಳೆ ತಿರುಗಿಸಿದೆ.

ಆ ವಿಷವನ್ನು ತೋಡಿ ತೆಗೆದುಕೊಂಡು ಹೋಗಿ ಎಂದು ನಲವತ್ತು ವರ್ಷ ಹಟ ಹಿಡಿದವರು ನಾವು. ನಿನ್ನ ತಾತ ಆ ಹಟದಲ್ಲೇ ಗಂಟಲು ಹುಣ್ಣಾಗಿ ಸತ್ತರು. ಬಿಳಿಯರು ಹೇಳಿದ್ದರೆ ಈಗಲೂ ಒಪ್ಪುತ್ತಿರಲಿಲ್ಲ. ಹೇಳಿದ್ದು ನಮ್ಮ ಹುಡುಗಿ. ಕಬ್ಬಿಣ ಸುರಿದು ವಿಷವನ್ನು ಅಲ್ಲೇ ಬಿಡಲಿ ಎಂದು ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ. ನಿನ್ನ ಮೇಲಿನ ಹೆಮ್ಮೆಗೆ ಹಬ್ಬದ ನೀರನ್ನೂ ನೀನು ಮೊದಲೇ ಕಬ್ಬಿಣ ಸುರಿದು ಪರೀಕ್ಷಿಸಿದ್ದ ಆ ದಂಡೆಯ ಒರತೆಯಿಂದಲೇ ಹೊತ್ತು ತಂದರು.

ಹೊಟ್ಟೆಯಲ್ಲಿ ಕೂಸಿದೆ, ನೀನು ಕುಡಿಯಲಿಲ್ಲ. ಅದಕ್ಕೆ ಬೈಯುವುದಿಲ್ಲ, ನಿನ್ನ ಜಾಗದಲ್ಲಿದ್ದರೆ ನಾನೂ ಕುಡಿಯುತ್ತಿರಲಿಲ್ಲ. ಆದರೆ ನಿನ್ನ ಪಕ್ಕದಲ್ಲಿ ಡೆಲ್ಫೀನಳ ಎರಡು ವರ್ಷದ ಮಗಳು ಲೋಟ ಖಾಲಿ ಮಾಡಿ ಇನ್ನೂ ಬೇಕೆಂದಳು. ನೀನು ಅವಳ ಬಾಯಿ ಒರೆಸಿದೆ.

ಊಟದ ಕೊನೆಗೆ ಮತ್ತೆ ನೀರು ಬಂತು. ಆ ನೀರನ್ನು ಬಿಡುವಂತಿಲ್ಲ, ಚೆಲ್ಲುವಂತಿಲ್ಲ. ನಿನ್ನ ಲೋಟವನ್ನು ನನ್ನ ಕಡೆ ಎಳೆದುಕೊಂಡು ನಾನೇ ಕುಡಿದೆ. ತಣ್ಣಗೆ, ಸಿಹಿಯಾಗಿತ್ತು. ಕಹಿಯಾಗಿದ್ದರೆ ಮಗುವಾದರೂ ಉಗುಳುತ್ತಿತ್ತು.

ವಿಷವನ್ನು ಅಲ್ಲೇ ಬಿಡುವ ಒಪ್ಪಂದಕ್ಕೆ ಹಿರಿಯರು ಗುರುವಾರ ರುಜು ಹಾಕುತ್ತಾರೆ. ನಾನು ಕಂಡದ್ದನ್ನು ಹೇಳಿದರೆ ಈ ಜನ ಇನ್ನು ನಿನ್ನ ಮುಖ ನೋಡುವುದಿಲ್ಲ. ಅದಕ್ಕೇ ಹೇಳಲಾರೆ. ನೀನಾದರೂ ಹೇಳುತ್ತೀಯೆಂಬ ನಂಬಿಕೆ ನನಗಿಲ್ಲ. ಈ ಹೇಡಿತನ ನಿನಗೆ ನನ್ನಿಂದಲೇ ಬಂದದ್ದು.

ಆ ಕಬ್ಬಿಣ ನಮ್ಮಿಬ್ಬರಿಗಿಂತ ಗಟ್ಟಿಯಾಗಿರಲಿ. ಹುಟ್ಟುವ ಕೂಸಿಗೆ ಆ ದಂಡೆಯಲ್ಲಿ ಎಂದೂ ಬಾಯಾರದಿರಲಿ.

ನಿನ್ನ ಲೋಟ ಬರಿದು ಮಾಡಿದ
ಅಜ್ಜಿ